ಸೂಯೆಜ್: ಸಾಲದ ಲೆಕ್ಕ

ಸಾಮ್ರಾಜ್ಯಗಳು ರಣರಂಗದಲ್ಲಿಯೇ ಸೋಲುತ್ತವೆಂಬುದು ಪಠ್ಯಪುಸ್ತಕಗಳು ನಮ್ಮಲ್ಲಿ ಬೆಳೆಸಿರುವ ಭಾವನೆ. ಸೂಯೆಜ್ ಕಾಲುವೆಯ ಕಥೆಯನ್ನು ಓದಿದವರಲ್ಲಿ ಅದು ಸಡಿಲವಾಗದೆ ಇರದು.

1869ರಲ್ಲಿ ತೆರೆದ ಆ ಕಾಲುವೆಯಲ್ಲಿ ಬ್ರಿಟಿಷ್ ಸರಕಾರಕ್ಕೆ ಮೊದಲು ಪಾಲಿರಲಿಲ್ಲ. ಈಜಿಪ್ತಿನ ಖೆದೀವ್ ಇಸ್ಮಾಯಿಲನು ಸಾಲದಲ್ಲಿ ಮುಳುಗಿ ತನ್ನ ಷೇರುಗಳನ್ನು ಮಾರಲು ನಿಂತಾಗ, 1875ರಲ್ಲಿ, ಪ್ರಧಾನಿ ಡಿಸ್ರೇಲಿ ಸುಮಾರು 40 ಲಕ್ಷ ಪೌಂಡಿಗೆ ಅವನ್ನು ಕೊಂಡನು. ಏಳು ವರ್ಷಗಳಲ್ಲಿ ಆಂಗ್ಲ ಸೈನ್ಯವೂ ಬಂದಿಳಿಯಿತು.

1956ರ ಜುಲೈ 26ರಂದು ನಾಸೆರರು ಕಾಲುವೆಯ ಕಂಪೆನಿಯನ್ನು ರಾಷ್ಟ್ರೀಕರಿಸಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲುಗಳು ಗುಟ್ಟಾಗಿ ಸಂಚು ಹೂಡಿ ಅಕ್ಟೋಬರ್ ಕೊನೆಯಲ್ಲಿ ಯುದ್ಧಕ್ಕಿಳಿದವು. ಪೋರ್ಟ್ ಸಯೀದ್ ಕೈವಶವಾಯಿತು. ಆದರೆ ಅತ್ತ ಲಂಡನ್ನಿನ ಖಜಾನೆಯಿಂದ ಡಾಲರುಗಳು ಸೋರತೊಡಗಿದ್ದವು. ಪೌಂಡನ್ನು ಉಳಿಸಲು ಅಂತರರಾಷ್ಟ್ರೀಯ ಹಣಕಾಸು ನಿಧಿಯ ನೆರವು ಬೇಕು. ಅದಕ್ಕೆ ಅಮೆರಿಕದ ಒಪ್ಪಿಗೆ ಬೇಕು. ಸೈನ್ಯ ಹಿಂದೆಗೆಯದೆ ಒಪ್ಪಿಗೆಯಿಲ್ಲವೆಂದಿತು ಐಸೆನ್‌ಹೋವರರ ಸರಕಾರ. ಮಿತ್ರರಾಷ್ಟ್ರದ ಮಾತಿದು! ಖೆದೀವನ ಪಾಡೇ ಈಗ ಬ್ರಿಟನ್ನಿನದಾಯಿತು. ಸೋವಿಯತ್ ರಷ್ಯದ ರಾಕೆಟ್ ಬೆದರಿಕೆಯೂ ಬಂದಿತ್ತು, ನಿಜ; ಅದರ ಸದ್ದು ದೊಡ್ಡದು, ಒತ್ತಡ ಮಾತ್ರ ಹಣದ್ದೇ ಎಂದು ನನಗೆ ತೋರುತ್ತದೆ. ಯುದ್ಧಕ್ಕೆ ಹುರುಪು ತುಂಬಿದ್ದ ಹಣಕಾಸು ಮಂತ್ರಿ ಮ್ಯಾಕ್‌ಮಿಲನ್ನರೇ ಖಜಾನೆಯ ಲೆಕ್ಕ ಮುಂದಿಟ್ಟು ನಿಲ್ಲಿಸೋಣವೆಂದರು. ಸೋಜಿಗವೆಂದರೆ, 1957ರ ಜನವರಿಯಲ್ಲಿ ಈಡನ್ನರು ರಾಜೀನಾಮೆಯಿತ್ತಾಗ ಪ್ರಧಾನಿಯಾದವರೂ ಅವರೇ.

ಅಷ್ಟರಲ್ಲಿ, ಡಿಸೆಂಬರ್ 22ರಂದು, ಆಂಗ್ಲರ ಮತ್ತು ಫ್ರೆಂಚರ ಕೊನೆಯ ತುಕಡಿಗಳು ಹಡಗು ಹತ್ತಿದ್ದವು. ಕಾಲುವೆಯಲ್ಲಿ ಮುಳುಗಿಸಿದ್ದ ನೌಕೆಗಳನ್ನು ವಿಶ್ವಸಂಸ್ಥೆ ತೆರವು ಮಾಡಿಸಿತು. ಏಪ್ರಿಲಿನಲ್ಲಿ ಹಡಗುಗಳು ಮತ್ತೆ ಸಾಗಿದಾಗ ಸುಂಕವನ್ನು ಎಣಿಸಿಕೊಂಡದ್ದು ಈಜಿಪ್ತ್.