ವಿಲನ್ ವಂಶದಲ್ಲಿ ಹುಟ್ಟಿದ್ರೆ ವಿಲನ್ನೇ ಆಗ್ಬೇಕಾ? ‘ಸ್ಟಾರ್ ಟ್ರೆಕ್’ ಖಾನ್‌ನ ವಂಶಾವಳಿ

ಇವತ್ತು ಒಬ್ಬ ವಿಲನ್ ಬಗ್ಗೆ ಮಾತಾಡೋಣ. ಹೆಸರು ಖಾನ್ ನೂನಿಯನ್ ಸಿಂಗ್. ಅರೆ, ನಮ್ಮ ದೇಶದ ಹೆಸರಿನ ಥರಾನೇ ಇದೆಯಲ್ಲ ಅನ್ಸುತ್ತಾ? ಕಥೆಯಲ್ಲೂ ಅವನು ಉತ್ತರ ಭಾರತದವನು, ಬಹುಶಃ ಸಿಖ್ ಅಂತಾನೇ ಹೇಳ್ತಾರೆ. ಮೊದಲೇ ಹೇಳ್ಬಿಡ್ತೀನಿ, ಮುಂದೆ ಸ್ಪಾಯ್ಲರ್‌ಗಳಿವೆ.

ಖಾನ್ ಮೊದಲು ಕಾಣಿಸಿಕೊಂಡಿದ್ದು 1967ರಲ್ಲಿ, ‘ಸ್ಟಾರ್ ಟ್ರೆಕ್’ ಟಿವಿ ಸರಣಿಯ ‘ಸ್ಪೇಸ್ ಸೀಡ್’ ಸಂಚಿಕೆಯಲ್ಲಿ. ಕ್ಯಾಪ್ಟನ್ ಕರ್ಕ್‌ನ ಎಂಟರ್‌ಪ್ರೈಸ್ ನೌಕೆಗೆ ಬಾಹ್ಯಾಕಾಶದಲ್ಲಿ ಒಂದು ಹಳೇ ನೌಕೆ ಸಿಗುತ್ತೆ. ಅದರೊಳಗೆ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಮಲಗಿರೋ ಜನ. ಅವರ ನಾಯಕನೇ ಖಾನ್. ಬುದ್ಧಿ, ಬಲ ಎರಡೂ ಹೆಚ್ಚಿರಲಿ ಅಂತ ವಿಜ್ಞಾನಿಗಳು ಹುಟ್ಟಿಸಿದ ‘ಸೂಪರ್’ ಮನುಷ್ಯ. ಇಂಥವರು ಸೇರಿ 1990ರ ದಶಕದಲ್ಲಿ ಭೂಮಿಯಲ್ಲಿ ಮಹಾಯುದ್ಧ ನಡೆಸಿದ್ರು, ಸೋತ ಮೇಲೆ ಖಾನ್ 1996ರಲ್ಲಿ ತನ್ನ ಜನರ ಜೊತೆ ಓಡಿಹೋದ ಅನ್ನೋದು ಹಿನ್ನೆಲೆ. 1982ರ ‘ದ ರಾತ್ ಆಫ್ ಖಾನ್’ ಸಿನಿಮಾದಲ್ಲಿ ಅವನು ಸಾಯ್ತಾನೆ.

ತಕರಾರು ಶುರುವಾಗೋದು ಇಲ್ಲೇ. 1967ರಲ್ಲಿ ಬರೆದವರಿಗೆ 1992 ಅಂದ್ರೆ ದೂರದ ಭವಿಷ್ಯ. ಆದ್ರೆ ಆ ವರ್ಷ ಬಂತು, ಹೋಯ್ತು. ಯಾವ ಖಾನೂ ಬರಲಿಲ್ಲ! ಹಾಗಾದ್ರೆ ಯುದ್ಧ ಎಲ್ಲಿ ನಡೀತು? ಲೇಖಕ ಗ್ರೆಗ್ ಕಾಕ್ಸ್ 2001–02ರಲ್ಲಿ ಬಂದ ಕಾದಂಬರಿಗಳಲ್ಲಿ ಒಂದು ಉಪಾಯ ಮಾಡಿದ್ರು: ಯುದ್ಧ ನಡೀತು, ಆದ್ರೆ ಗುಟ್ಟಾಗಿ, ನಾವು ಪೇಪರ್‌ನಲ್ಲಿ ಓದಿದ ನಿಜವಾದ ಘಟನೆಗಳ ಹಿಂದೆ. ಜಾಣತನದ ಉತ್ತರಾನೇ. ಆದ್ರೆ ಅದು ಪುಸ್ತಕದಲ್ಲಿ ಉಳೀತು, ತೆರೆ ಮೇಲೆ ಬರಲಿಲ್ಲ.

ಎರಡನೇ ತಕರಾರು 2022ರಲ್ಲಿ ಬಂತು. ‘ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿ ಕರ್ಕ್‌ಗಿಂತ ಹಿಂದಿನ ಕಾಲದ್ದು. ಅದರಲ್ಲಿ ಎಂಟರ್‌ಪ್ರೈಸ್‌ನ ಭದ್ರತಾ ಅಧಿಕಾರಿಯ ಹೆಸರು ಲಾ-ಆನ್ ನೂನಿಯನ್ ಸಿಂಗ್. ಖಾನ್ ವಂಶದವಳು. ಪಾತ್ರ ಮಾಡಿದ್ದು ಕ್ರಿಸ್ಟಿನಾ ಚಾಂಗ್. ಅಭಿಮಾನಿಗಳು ತಕ್ಷಣ ಕೇಳಿದ್ರು: ಖಾನ್ ಓಡಿಹೋಗಿ ನಿದ್ದೆ ಹೊಡೀತಿದ್ದಾಗ ಭೂಮಿ ಮೇಲೆ ಅವನ ವಂಶ ಬೆಳೆದದ್ದು ಹೇಗೆ? ಓಡಿಹೋಗೋ ಮೊದಲೇ ಮಕ್ಕಳಿದ್ರಾ? ಸ್ಪಾಕ್ ಇವಳ ಜೊತೆಗೇ ಕೆಲಸ ಮಾಡಿದವನು. ಮುಂದೆ ಖಾನ್ ಎದ್ದು ಕೂತಾಗ, ‘ಈ ಮನೆತನದವಳು ನಮ್ಮಲ್ಲೇ ಇದ್ಲಲ್ಲ’ ಅಂತ ಒಂದು ಮಾತೂ ಆಡಲಿಲ್ಲ ಯಾಕೆ? ನಿಜವಾದ ಉತ್ತರ ಸರಳ. 1967ರಲ್ಲಿ ಲಾ-ಆನ್ ಪಾತ್ರ ಯಾರ ತಲೆಯಲ್ಲೂ ಇರಲಿಲ್ಲ. ಆದ್ರೆ ಅಭಿಮಾನಿಗಳಿಗೆ ಇಷ್ಟು ಉತ್ತರ ಸಾಕಾಗಲ್ಲ, ಅಲ್ವಾ?

2023ರಲ್ಲಿ ಎರಡನೇ ಸೀಸನ್‌ನ ಮೂರನೇ ಸಂಚಿಕೆ ಈ ಗಂಟು ಬಿಚ್ಚೋಕೆ ಕೈ ಹಾಕ್ತು. ಲಾ-ಆನ್ ಕಾಲದಲ್ಲಿ ಹಿಂದಕ್ಕೆ ಹೋಗಿ, ನಮ್ಮ ಕಾಲದ ಟೊರಾಂಟೊಗೆ ಬಂದು ಬೀಳ್ತಾಳೆ. ಅಲ್ಲಿ ಖಾನ್ ಇನ್ನೂ ಪುಟ್ಟ ಹುಡುಗ. ಅವನನ್ನು ಕೊಲ್ಲೋಕೆ ಭವಿಷ್ಯದಿಂದ ಬಂದ ಒಬ್ಬ ಏಜೆಂಟ್ ಗೊಣಗ್ತಾಳೆ: ಇದೆಲ್ಲ 1992ರಲ್ಲೇ ಆಗಬೇಕಿತ್ತು, ಇಷ್ಟು ವರ್ಷದಿಂದ ಇಲ್ಲೇ ಕಾಯ್ತಿದ್ದೀನಿ ಅಂತ. ಅಂದ್ರೆ, ಕಾಲಯಾನಿಗಳು ಇತಿಹಾಸದಲ್ಲಿ ಕೈಯಾಡಿಸಿದ್ರಿಂದ ತಾರೀಖು ಮುಂದಕ್ಕೆ ಹೋಗಿದೆ. ಒಂದೇ ಡೈಲಾಗ್‌ನಲ್ಲಿ 1990ರ ದಶಕದ ಸಮಸ್ಯೆಗೆ ತೇಪೆ!

ನನಗೆ ಇಷ್ಟವಾಗಿದ್ದು ಆ ತೇಪೆ ಅಲ್ಲ, ಅದರ ನಂತರದ ದೃಶ್ಯ. ಲಾ-ಆನ್ ಆ ಹುಡುಗನ ಕೋಣೆಗೆ ಹೋಗ್ತಾಳೆ. ಕೈಯಲ್ಲಿ ಗನ್. ಮುಂದೆ ಲಕ್ಷಾಂತರ ಜನರ ಸಾವಿಗೆ ಕಾರಣ ಆಗೋನು ಎದುರಿಗೇ ಇದ್ದಾನೆ. ಅವನ ಹೆಸರಿನಿಂದಾಗಿ ಇವಳು ಚಿಕ್ಕವಳಿದ್ದಾಗಿನಿಂದ ಮಾತು ಕೇಳಿಸಿಕೊಂಡಿದ್ದಾಳೆ. ನನ್ನ ರಕ್ತದಲ್ಲೇ ವಿಷ ಇದೆಯಾ ಅನ್ನೋ ಭಯ ಅವಳಿಗೆ. ಆದ್ರೆ ಆ ಹುಡುಗ ಇನ್ನೂ ಏನೂ ತಪ್ಪು ಮಾಡಿಲ್ಲ. ಅವನನ್ನ ಕೊಂದ್ರೆ ಮುಂದೆ ಬರಬೇಕಾದ ಒಳ್ಳೆಯ ಕಾಲವೂ ಬರಲ್ಲ. ಅವಳು ಗನ್ ಕೆಳಗಿಡ್ತಾಳೆ.

ಇದೇ ಸೀಸನ್‌ನ ಹಿಂದಿನ ಸಂಚಿಕೆಯನ್ನ ಜೊತೆಗಿಟ್ಟು ನೋಡಿ. ಖಾನ್ ಕಾಲದ ಯುದ್ಧದ ಭಯದಿಂದ ಫೆಡರೇಷನ್ ಜೀನ್ ತಿದ್ದೋದನ್ನ ನಿಷೇಧಿಸಿರುತ್ತೆ. ಇನ್ನೂರಕ್ಕೂ ಹೆಚ್ಚು ವರ್ಷ ಆದ್ಮೇಲೂ, ಹುಟ್ಟಿನಿಂದಲೇ ಹಾಗಿರೋ ಊನಾ ಅನ್ನೋ ಅಧಿಕಾರಿ ಕೋರ್ಟ್‌ನಲ್ಲಿ ನಿಲ್ಲಬೇಕಾಗುತ್ತೆ. ಯಾರೋ ಮಾಡಿದ್ದಕ್ಕೆ ಇನ್ಯಾರೋ ಲೆಕ್ಕ ಒಪ್ಪಿಸಬೇಕು. ಹೆಸರು ಹೇಳಿದ ಕೂಡಲೇ ‘ನೀವು ಯಾವ ಪೈಕಿ?’ ಅಂತ ಕೇಳೋ ಊರಲ್ಲಿ ಬೆಳೆದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಕಂಟಿನ್ಯೂಟಿ ಪ್ರಶ್ನೆ ನಮ್ಮದೇ. 1967 ಮತ್ತು 1982ರಲ್ಲಿ ಖಾನ್ ಆಗಿದ್ದು ಮೆಕ್ಸಿಕೊ ಮೂಲದ ರಿಕಾರ್ಡೊ ಮೊಂಟಲ್‌ಬಾನ್. 2013ರ ಸಿನಿಮಾದಲ್ಲಿ ಬ್ರಿಟಿಷ್ ನಟ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಸಿಂಗ್ ಅನ್ನೋ ಹೆಸರಿಗೆ ಬಿಳಿ ಮುಖ ಯಾಕೆ ಅಂತ ಆಗ ಜೋರಾಗೇ ಟೀಕೆ ಬಂತು. 2025ರಲ್ಲಿ ‘ಸ್ಟಾರ್ ಟ್ರೆಕ್: ಖಾನ್’ ಆಡಿಯೊ ಸರಣಿ ಬಂದಾಗ, ದನಿ ಕೊಟ್ಟವರು ಕೇರಳ ಮೂಲದ ದಂಪತಿಗೆ ಲಂಡನ್‌ನಲ್ಲಿ ಹುಟ್ಟಿದ ನವೀನ್ ಆಂಡ್ರ್ಯೂಸ್. ಮುಖ ಕಾಣಲ್ಲ, ದನಿ ಮಾತ್ರ. ಆದರೂ ಅಷ್ಟಾದ್ರೂ ಆಯ್ತಲ್ಲ ಅಂತ ನನಗೆ ಸಮಾಧಾನ.

ವಂಶಾವಳಿಯಲ್ಲಿ ತೂತುಗಳು ಇನ್ನೂ ಇವೆ. ಯುದ್ಧದ ತಾರೀಖೇ ಜಾರಿದ್ರೆ, 1967ರ ಖಾನ್ ಮತ್ತು ಟೊರಾಂಟೊದ ಹುಡುಗ ಒಬ್ಬನೇನಾ? ವಾದ ಮಾಡ್ತಾ ಇರಬಹುದು, ಮಜಾನೇ ಅದು. ಆದ್ರೆ ‘ಅವಳು ಯಾರ ಮೊಮ್ಮಗಳು’ ಅನ್ನೋದಕ್ಕಿಂತ ‘ಗನ್ ಕೈಯಲ್ಲಿದ್ದಾಗ ಏನು ಮಾಡಿದ್ಲು’ ಅನ್ನೋದೇ ನನಗೆ ಮುಖ್ಯ. ನಿಮಗೇನು ಅನ್ಸುತ್ತೆ, ಯೋಚನೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.