ವಕೀಲರ ಹೊಣೆಗಾರಿಕೆ ವಿಮೆ: ನಂಬಿರುವುದು ಮತ್ತು ಬರೆದಿರುವುದು

ತಪ್ಪು ನಡೆದ ವರ್ಷದಲ್ಲಿ ಪಾಲಿಸಿ ಚಾಲ್ತಿಯಲ್ಲಿದ್ದಿತು, ಆದುದರಿಂದ ಆ ತಪ್ಪಿನ ಹೊಣೆಯನ್ನು ವಿಮಾ ಸಂಸ್ಥೆಯೇ ಹೊರತಕ್ಕದ್ದು ಎಂಬ ನಂಬಿಕೆ, ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಿರುವ ನಮ್ಮ ವಕೀಲರಲ್ಲಿ ಬಹಳ ಆಳವಾಗಿ ಬೇರೂರಿದೆ. ಮೋಟಾರು ಅಪಘಾತದ ಮೊಕದ್ದಮೆಗಳನ್ನು ನಡೆಸಿ ನಡೆಸಿ, ಅಪಘಾತದ ದಿನ ವಾಹನಕ್ಕೆ ಪಾಲಿಸಿ ಇದ್ದಿತೇ ಎಂಬ ಒಂದೇ ಪ್ರಶ್ನೆಯಿಂದ ವಿಮಾ ಸಂಸ್ಥೆಯ ಹೊಣೆಯನ್ನು ಅಳೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಅದೇ ಅಳತೆಗೋಲನ್ನು ನಮ್ಮ ಸ್ವಂತ ಪಾಲಿಸಿಗೂ ಹಿಡಿಯುತ್ತೇವೆ. ಆದರೆ ವೃತ್ತಿ ಹೊಣೆಗಾರಿಕೆಯ ಪಾಲಿಸಿ ಸಾಮಾನ್ಯವಾಗಿ ಆ ಅಳತೆಗೆ ಒಳಪಡುವುದೇ ಇಲ್ಲ. ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು ತಪ್ಪು ನಡೆದ ದಿನವನ್ನಲ್ಲ, ಕಕ್ಷಿದಾರನು ಪರಿಹಾರ ಕೇಳಿದ ದಿನವನ್ನು. ವಿಮಾ ಸಂಸ್ಥೆಗಳವರು ಇದನ್ನು ‘ಕ್ಲೇಮ್ಸ್ ಮೇಡ್’ ಪದ್ಧತಿ ಎನ್ನುತ್ತಾರೆ.

ಈ ಭೇದ ಕೇವಲ ಶಾಸ್ತ್ರಾರ್ಥದ್ದಲ್ಲ. ವಕೀಲನ ತಪ್ಪು ಬೀದಿಯ ಅಪಘಾತದಂತೆ ಸದ್ದು ಮಾಡಿ ಸಂಭವಿಸುವುದಿಲ್ಲ. ಸಾಲ ವಸೂಲಿಯ ದಾವೆಯನ್ನು ಮೂರು ವರ್ಷದ ಕಾಲಮಿತಿ ಮೀರಿದ ಮೇಲೆ ಹೂಡಿದನೆನ್ನೋಣ. ವಿಳಂಬವನ್ನು ಮನ್ನಿಸುವ ಅಧಿಕಾರ ಕೊಡುವ 1963ರ ಕಾಲಮಿತಿ ಕಾಯ್ದೆಯ 5ನೆಯ ಕಲಮು ಮೇಲ್ಮನವಿಗಳಿಗೂ ಅರ್ಜಿಗಳಿಗೂ ಅನ್ವಯಿಸುವುದೇ ಹೊರತು ದಾವೆಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಆ ದಾವೆಗೆ ಉಳಿಗಾಲವಿಲ್ಲ. ಆದರೂ ವಿಚಾರಣೆ ಮುಗಿದು ದಾವೆ ವಜಾ ಆಗಿ, ಕಕ್ಷಿದಾರನಿಗೆ ತನ್ನ ನಷ್ಟದ ಮೂಲ ಯಾರೆಂದು ತಿಳಿಯುವಷ್ಟರಲ್ಲಿ ಎಷ್ಟೋ ವರ್ಷಗಳು ಸಂದಿರುತ್ತವೆ. ಆ ನಡುವೆ ವಕೀಲರು ವೃತ್ತಿಯಿಂದ ನಿವೃತ್ತರಾಗಿ, ಇನ್ನೇಕೆ ವ್ಯರ್ಥ ಖರ್ಚೆಂದು ಕಂತು ಕಟ್ಟುವುದನ್ನು ನಿಲ್ಲಿಸಿದ್ದರೆ, ಹತ್ತು ವರ್ಷ ತಪ್ಪದೆ ಕಟ್ಟಿದ ಕಂತುಗಳ ರಸೀದಿಗಳೆಲ್ಲ ಕೈಯಲ್ಲಿದ್ದರೂ ಅವರಿಗೆ ರಕ್ಷಣೆಯಿಲ್ಲ.

ನಿವೃತ್ತಿಯೊಂದೇ ಅಪಾಯದ ಸಂದರ್ಭವಲ್ಲ. ಪಾಲಿಸಿಯಲ್ಲಿ ಪೂರ್ವಾನ್ವಯ ದಿನಾಂಕವೆಂದು ಒಂದು ದಿನಾಂಕ ನಮೂದಾಗಿರುತ್ತದೆ. ಅದಕ್ಕಿಂತ ಹಿಂದೆ ಮಾಡಿದ ಕೆಲಸದ ತಪ್ಪಿಗೆ ಆ ಪಾಲಿಸಿ ಉತ್ತರ ಕೊಡುವುದಿಲ್ಲ. ನವೀಕರಣವನ್ನು ಮರೆತು ಸರಣಿ ಕಡಿದರೆ, ಅಥವಾ ಅಗ್ಗದ ಕಂತಿನ ಆಸೆಯಿಂದ ಮತ್ತೊಂದು ಸಂಸ್ಥೆಗೆ ಹೋದರೆ, ಈ ದಿನಾಂಕ ಹೊಸ ಪಾಲಿಸಿಯ ಆರಂಭಕ್ಕೆ ಬಂದು ನಿಲ್ಲುವ ಸಂಭವವುಂಟು; ಆಗ ಹಿಂದಿನ ವರ್ಷಗಳ ಕಡತಗಳೆಲ್ಲ ಒಮ್ಮೆಲೇ ಅರಕ್ಷಿತವಾಗುತ್ತವೆ. ಕಂತು ಮುಂಗಡವಾಗಿ ಸಲ್ಲದೆ ವಿಮಾ ಸಂಸ್ಥೆಯು ಹೊಣೆ ವಹಿಸಕೂಡದೆಂದು 1938ರ ವಿಮಾ ಕಾಯ್ದೆಯ 64-ವಿಬಿ ಕಲಮು ಹೇಳುತ್ತದೆ. ‘ನಾಳೆ ಕಟ್ಟಿದರಾಯಿತು’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ತಪ್ಪಿನ ಸುಳಿವು ಸಿಕ್ಕಿದೊಡನೆ ವಿಮಾ ಸಂಸ್ಥೆಗೆ ಬರವಣಿಗೆಯಲ್ಲಿ ತಿಳಿಸಬೇಕೆಂಬ ಷರತ್ತೂ ಉಂಟು. ಮಾನಕ್ಕಂಜಿ, ಕಕ್ಷಿದಾರನೊಡನೆ ಹೇಗೋ ಸಮಾಧಾನ ಮಾಡಿಕೊಳ್ಳೋಣವೆಂದು ಸುಮ್ಮನಿದ್ದವರು ಆ ಮೌನದಿಂದಲೇ ಕ್ಲೇಮನ್ನು ಕಳೆದುಕೊಳ್ಳುತ್ತಾರೆ.

ವಿಮೆಯೇ ಬೇಡವೆನ್ನುವವರ ವಾದ ಬೇರೆ. 2024ರ ಮೇ 14ರಂದು ಸುಪ್ರೀಂ ಕೋರ್ಟು ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬಾರದೆಂದು ತೀರ್ಪಿತ್ತು, 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ತಳೆದಿದ್ದ ನಿಲುವನ್ನು ತಳ್ಳಿಹಾಕಿದಂದಿನಿಂದ, ವಕೀಲನ ಮೇಲೆ ಇನ್ನಾರೂ ದಾವೆ ಹೂಡಲಾರರೆಂಬ ಮಾತು ಹಬ್ಬಿದೆ. ಮುಚ್ಚಿದ್ದು ಗ್ರಾಹಕ ಆಯೋಗದ ಬಾಗಿಲು ಮಾತ್ರ. ನಿರ್ಲಕ್ಷ್ಯಕ್ಕಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುವ ಹಕ್ಕು ಹಾಗೆಯೇ ಉಳಿದಿದೆ. ವಕೀಲನೆಂಬ ಕಾರಣಮಾತ್ರದಿಂದ ನಿರ್ಲಕ್ಷ್ಯದ ಹೊಣೆಯಿಂದ ವಿನಾಯಿತಿಯಿಲ್ಲವೆಂದು 1926ರ ಲೀಗಲ್ ಪ್ರಾಕ್ಟಿಷನರ್ಸ್ (ಫೀಸ್) ಕಾಯ್ದೆಯ 5ನೆಯ ಕಲಮು ಸಾರಿ ಒಂದು ಶತಮಾನವೇ ಆಗುತ್ತ ಬಂದಿದೆ. ಕರ್ನಾಟಕದಿಂದಲೇ ಮೇಲೇರಿ ಹೋದ ಎಂ. ವೀರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1988ರಲ್ಲಿ ಅದನ್ನು ಎತ್ತಿಹಿಡಿದಿದೆ.

ವಕೀಲರ ಕಲ್ಯಾಣ ನಿಧಿ ಕಕ್ಷಿದಾರನ ನಷ್ಟವನ್ನು ತುಂಬಿಕೊಡುವುದೆಂಬುದೂ ಸುಳ್ಳು. ಆ ನಿಧಿಯನ್ನು ಸ್ಥಾಪಿಸಿದ 1983ರ ಕಾಯ್ದೆ ವಕೀಲರ ಮತ್ತು ಅವರ ಕುಟುಂಬದ ನೆರವಿಗಾಗಿ ಹುಟ್ಟಿತು, ಕಕ್ಷಿದಾರನ ಪರಿಹಾರಕ್ಕಲ್ಲ. ಬುದ್ಧಿಪೂರ್ವಕವಾದ ವಂಚನೆಯನ್ನು ಯಾವ ಪಾಲಿಸಿಯೂ ಹೊರುವುದಿಲ್ಲ. ಪ್ರತಿವಾದದ ಖರ್ಚು ಹಲವು ಪಾಲಿಸಿಗಳಲ್ಲಿ ವಿಮಾ ಮೊತ್ತದಿಂದಲೇ ಕಳೆಯುತ್ತ ಹೋಗುವುದರಿಂದ, ದೀರ್ಘಕಾಲದ ವ್ಯಾಜ್ಯದ ಕೊನೆಯಲ್ಲಿ ಪರಿಹಾರಕ್ಕೆ ಉಳಿಯುವುದು ಮುಖಪುಟದಲ್ಲಿ ಕಂಡ ಮೊತ್ತವಲ್ಲ. ಬ್ಯಾಂಕಿನ ಪ್ಯಾನೆಲ್ ವಕೀಲರು 2012ರ ಕೆ. ನಾರಾಯಣರಾವ್ ಪ್ರಕರಣವನ್ನು ನೆಚ್ಚಿ ನಿಶ್ಚಿಂತರಾಗುವುದುಂಟು. ಹಕ್ಕುಪತ್ರಗಳ ಬಗ್ಗೆ ನಿರ್ಲಕ್ಷ್ಯದಿಂದ ಅಭಿಪ್ರಾಯ ಕೊಟ್ಟಮಾತ್ರಕ್ಕೆ ವಕೀಲನು ಅಪರಾಧಿಯಾಗನೆಂದು ಆ ತೀರ್ಪು ಹೇಳಿತೇ ವಿನಾ ನಷ್ಟಕ್ಕೆ ಹೊಣೆಯಲ್ಲವೆಂದು ಹೇಳಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ವ್ಯಥೆಗೊಳಿಸುವ ಸಂಗತಿ ಈ ವಿಶ್ವಾಸಶೀಲತೆ ಯಾರದು ಎಂಬುದು. ಅನ್ಯರ ಕ್ರಯಪತ್ರದ ಚಕ್ಕುಬಂದಿಯಲ್ಲಿ ಒಂದು ದಿಕ್ಕು ತಪ್ಪಿದ್ದರೂ ಹಿಡಿದು ನಿಲ್ಲಿಸುವವರು, ಓದದೆ ಸಹಿ ಹಾಕಿದ ರೈತನನ್ನು ಕಟಕಟೆಯಲ್ಲಿ ಗದರಿಸುವವರು, ತಮ್ಮ ಪಾಲಿಸಿಯ ವಿಷಯದಲ್ಲಿ ಏಜೆಂಟನ ಬಾಯಿಮಾತನ್ನು ಪ್ರಮಾಣವೆಂದು ಸ್ವೀಕರಿಸುತ್ತಾರೆ. ಅದರ ನಷ್ಟ ಅವರೊಬ್ಬರದೇ ಅಲ್ಲ. ಡಿಕ್ರಿ ಪಡೆದೂ ವಕೀಲನಲ್ಲಿ ಹಣವಿಲ್ಲದೆ ಬರಿಗೈಯಾಗುವ ಕಕ್ಷಿದಾರನದೂ ಹೌದು. ಇಂಗ್ಲೆಂಡಿನ ಸಾಲಿಸಿಟರ್ ಸಂಸ್ಥೆಗಳಿಗೆ ಈ ವಿಮೆ ಕಡ್ಡಾಯ, ವ್ಯವಹಾರ ಮುಚ್ಚಿದ ಮೇಲೂ ಆರು ವರ್ಷ ರಕ್ಷಣೆ ಮುಂದುವರಿಯಬೇಕೆಂಬುದೂ ಅಲ್ಲಿಯ ನಿಯಮ. ನಮ್ಮಲ್ಲಿ ವಕೀಲನಿಗೆ ಅಂತಹ ನಿರ್ಬಂಧ ಯಾವುದೂ ಇಲ್ಲ. ವಕೀಲರ ಪರಿಷತ್ತು ವಿಮೆಯನ್ನು ವಿಧಿಸುವುದಾದರೆ, ನಿವೃತ್ತಿಯ ನಂತರದ ವರ್ಷಗಳನ್ನೂ ಅದರೊಳಗೆ ಸೇರಿಸಿಯೇ ವಿಧಿಸಲಿ.