ಮಾತು, ಗ್ರಹಿಕೆ ಮತ್ತು ಮಗುವಿನ ಸ್ವಪರಿಕಲ್ಪನೆ

ಒಬ್ಬರು ಆಡಿದ್ದನ್ನು ಇನ್ನೊಬ್ಬರು ಕೇಳಿದ ಮಾತ್ರಕ್ಕೆ ಸಂವಹನವು ಪೂರ್ಣವಾಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ನುಡಿದವರ ಮನಸ್ಸಿನಲ್ಲಿದ್ದ ಅರ್ಥವೂ ಆಲಿಸಿದವರ ಮನಸ್ಸಿನಲ್ಲಿ ಮೂಡಿದ ಅರ್ಥವೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಈ ಎರಡರ ನಡುವಣ ಅಂತರವು ಮನೆಯಲ್ಲಿ ಮನಸ್ತಾಪಕ್ಕೂ ಕಚೇರಿಯಲ್ಲಿ ಕೆಲಸದ ಕೇಡಿಗೂ ಕಾರಣವಾಗುವುದುಂಟು. ಶಾಲೆಯಲ್ಲಾದರೋ ಅದರ ಪರಿಣಾಮವು ಇನ್ನೂ ದೂರಗಾಮಿಯಾದುದು. ಅಲ್ಲಿ ಹಿರಿಯರು ಆಡುವ ಮಾತು ಕೇವಲ ಪಾಠವನ್ನಷ್ಟೇ ತಿಳಿಸುವುದಿಲ್ಲ. ತಾನು ಎಂಥವನು ಎಂಬುದನ್ನೂ ಮಗುವಿಗೆ ತಿಳಿಸುತ್ತದೆ. ಆದುದರಿಂದ ಸಂವಹನ, ಗ್ರಹಿಕೆ ಮತ್ತು ಸ್ವಪರಿಕಲ್ಪನೆ ಎಂಬ ಮೂರು ವಿಚಾರಗಳನ್ನು ಮಕ್ಕಳ ಹಿತವನ್ನು ಬಯಸುವವರೆಲ್ಲರೂ ಅರಿತಿರುವುದು ಉಚಿತ.

ಸಂವಹನದ ಅಂಗಗಳು

ಅಮೆರಿಕದ ಗಣಿತಜ್ಞ ಕ್ಲಾಡ್ ಷಾನನ್ ಅವರು 1948ರಲ್ಲಿ ಸಂವಹನದ ಗಣಿತ ಸಿದ್ಧಾಂತವೊಂದನ್ನು ಪ್ರಕಟಿಸಿದರು. ಸಂದೇಶದ ಮೂಲ, ಅದನ್ನು ಸಂಕೇತಗಳಾಗಿ ಮಾರ್ಪಡಿಸುವ ಸಾಧನ, ಅದು ಸಾಗುವ ಮಾರ್ಗ, ಮಾರ್ಗದಲ್ಲಿ ಸೇರಿಕೊಳ್ಳುವ ಗದ್ದಲ, ಸಂಕೇತವನ್ನು ಬಿಡಿಸಿಕೊಳ್ಳುವ ಗ್ರಾಹಕ - ಇವು ಅದರ ಮುಖ್ಯ ಅಂಗಗಳು. ದೂರವಾಣಿಯಂತಹ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಈ ಚೌಕಟ್ಟನ್ನು ಮುಂದೆ ಮನುಷ್ಯರ ಮಾತುಕತೆಗೂ ಅನ್ವಯಿಸಲಾಯಿತು. ಆದರೆ ಮನುಷ್ಯರ ವಿಷಯದಲ್ಲಿ ಇನ್ನೊಂದು ಅಂಗವು ಅತ್ಯವಶ್ಯ. ಕೇಳುವವರ ಮುಖಭಾವ, ತಲೆದೂಗುವಿಕೆ, ಮೌನ, ಮರುಪ್ರಶ್ನೆ ಇವೆಲ್ಲವೂ ಹೇಳುವವರಿಗೆ ಮರಳಿ ತಲುಪುತ್ತವೆ. ಇದಕ್ಕೆ ಪ್ರತಿಸ್ಪಂದನ ಎನ್ನಬಹುದು. ಪ್ರತಿಸ್ಪಂದನವನ್ನು ಗಮನಿಸುತ್ತ ತಮ್ಮ ಮಾತನ್ನು ತಿದ್ದಿಕೊಳ್ಳುವವರೇ ಒಳ್ಳೆಯ ಉಪಾಧ್ಯಾಯರು.

ಈ ವಿಷಯದಲ್ಲಿ ಕನ್ನಡ ನಾಡಿನದೇ ಆದ ಒಂದು ಪ್ರಸಂಗವನ್ನು ನೆನೆಯಬಹುದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಮನಸ್ಸನ್ನು ಅಭ್ಯಸಿಸುತ್ತಿದ್ದವರೇ ಧ್ವನಿಯನ್ನು ದೂರಕ್ಕೆ ಮುಟ್ಟಿಸಲು ಹೊರಟದ್ದು ಗಮನಾರ್ಹ. ಆದರೆ ಬಾನುಲಿಯ ಮುಂದೆ ಕುಳಿತ ಶ್ರೋತೃವಿನ ಮುಖವು ಮಾತನಾಡುವವರಿಗೆ ಕಾಣದು. ತರಗತಿಯಲ್ಲಿ ಮಕ್ಕಳ ಮುಖಗಳು ಕಣ್ಣೆದುರಿಗೇ ಇರುತ್ತವೆ. ಇದ್ದೂ ಅವನ್ನು ನೋಡದೆ ಪಾಠವನ್ನು ಒಪ್ಪಿಸಿ ಹೋದರೆ ತರಗತಿಯೂ ಬಾನುಲಿಯೂ ಒಂದೇ ಆಗುತ್ತವೆ.

ಗದ್ದಲವೆಂದರೆ ಕಿವಿಗೆ ಕೇಳುವ ಸದ್ದು ಮಾತ್ರವಲ್ಲ. ಪದಗಳ ಅರ್ಥಭೇದವೂ ಮನಸ್ಸಿನ ಪೂರ್ವಗ್ರಹವೂ ಗದ್ದಲವೇ. ಇದಕ್ಕೆ ಬೆಂಗಳೂರಿನ ಪಶ್ಚಿಮ ಭಾಗದಲ್ಲಿಯೇ ಉದಾಹರಣೆ ದೊರೆಯುತ್ತದೆ. ವಿಜಯನಗರಕ್ಕೆ ಹೊಂದಿಕೊಂಡಿರುವ, ಹಂಪಿನಗರವೆಂದೂ ಹೆಸರಾದ ಆರ್‌ಪಿಸಿ ಲೇಔಟ್ ಮತ್ತು ಅದರ ಸುತ್ತಣ ಬಡಾವಣೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಗಳಿಗಾಗಿ ಓದಲು ನಾಡಿನ ನಾನಾ ಜಿಲ್ಲೆಗಳಿಂದ ತರುಣ ತರುಣಿಯರು ಬಂದು ನೆಲೆಸುತ್ತಾರೆ. ಅಲ್ಲಿನ ಗ್ರಂಥಾಲಯದಲ್ಲಿ, ಬಾಡಿಗೆ ಕೋಣೆಗಳಲ್ಲಿ, ಉಪಾಹಾರ ಗೃಹಗಳಲ್ಲಿ ಕಲಬುರಗಿ, ರಾಯಚೂರು, ವಿಜಯಪುರಗಳ ಕನ್ನಡವು ಮೈಸೂರು, ಮಂಡ್ಯಗಳ ಕನ್ನಡವನ್ನು ದಿನವೂ ಸಂಧಿಸುತ್ತದೆ. ಮೈಸೂರಿನ ಕಡೆ 'ಬಟ್ಟೆ ಒಗೆ' ಎಂದರೆ ತೊಳೆ ಎಂದರ್ಥ. ಉತ್ತರ ಕರ್ನಾಟಕದಲ್ಲಿ 'ಒಗಿ' ಎಂದರೆ ಎಸೆ ಎಂದರ್ಥ. ಇಬ್ಬರೂ ಕನ್ನಡಿಗರೇ, ಇಬ್ಬರೂ ಆಡಿದ್ದು ಶುದ್ಧ ಕನ್ನಡವೇ. ಆದರೂ ಒಬ್ಬರ ಮಾತನ್ನು ಇನ್ನೊಬ್ಬರು ಅಕ್ಷರಶಃ ಪಾಲಿಸಿದರೆ ಬಟ್ಟೆಯೇ ಇಲ್ಲವಾದೀತು.

ಪದದ ತೊಡಕಿಗಿಂತ ಧಾಟಿಯ ತೊಡಕು ದೊಡ್ಡದು. ಉತ್ತರದ ಜಿಲ್ಲೆಗಳಲ್ಲಿ 'ಹೌದ್ರಿ', 'ಬರ್ರಿ' ಎಂದು ಮಾತಿನ ಕೊನೆಗೆ 'ರಿ' ಹಚ್ಚುವುದು ಗೌರವದ ಕುರುಹು. ಆ ರೂಢಿಯನ್ನರಿಯದ ಬೆಂಗಳೂರಿನವರಿಗೆ ಅದೇ ಮಾತು ತುಸು ಒರಟಾಗಿ ಕೇಳಿಸಬಹುದು. ತೆರೆದ ಮನಸ್ಸಿನಿಂದ ಗಟ್ಟಿಯಾಗಿ ಆಡಿದ ನುಡಿಯು ಜಗಳದಂತೆಯೂ, ತಗ್ಗಿದ ದನಿಯ ನಯವಾದ ನುಡಿಯು ಕಪಟದಂತೆಯೂ ತೋರಬಹುದು. ಇಲ್ಲಿ ಕೆಟ್ಟಿರುವುದು ಮಾತಲ್ಲ, ಗ್ರಹಿಕೆ.

ಗ್ರಹಿಕೆಯ ಸ್ವರೂಪ

ಕಣ್ಣು ಕಿವಿಗಳು ಒದಗಿಸುವ ಸಂವೇದನೆಗಳಲ್ಲಿ ಕೆಲವನ್ನು ಮಾತ್ರ ಮನಸ್ಸು ಆರಿಸಿಕೊಳ್ಳುತ್ತದೆ, ಆರಿಸಿದ್ದನ್ನು ಒಂದು ಆಕಾರಕ್ಕೆ ಜೋಡಿಸುತ್ತದೆ, ಜೋಡಿಸಿದ್ದಕ್ಕೆ ಅರ್ಥವನ್ನು ಕಲ್ಪಿಸುತ್ತದೆ. ಈ ಮೂರು ಕಾರ್ಯಗಳ ಒಟ್ಟು ಹೆಸರೇ ಗ್ರಹಿಕೆ. ಡೆನ್ಮಾರ್ಕಿನ ಎಡ್ಗರ್ ರೂಬಿನ್ ಅವರು 1915ರಲ್ಲಿ ಪ್ರಚಾರಕ್ಕೆ ತಂದ ಚಿತ್ರವೊಂದರಲ್ಲಿ ಒಮ್ಮೆ ಹೂದಾನಿಯೂ ಮತ್ತೊಮ್ಮೆ ಎದುರುಬದುರಾಗಿ ನಿಂತ ಎರಡು ಮುಖಗಳೂ ಕಾಣುತ್ತವೆ. ಚಿತ್ರ ಬದಲಾಗುವುದಿಲ್ಲ, ನೋಡುವ ಮನಸ್ಸು ಬದಲಾಗುತ್ತದೆ. 'ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ' ಎಂಬ ಗಾದೆಯು ಈ ಸತ್ಯವನ್ನು ಬಹು ಹಿಂದೆಯೇ ಹೇಳಿದೆ.

ಮನುಷ್ಯರನ್ನು ಗ್ರಹಿಸುವಾಗ ಒಂದೇ ಒಂದು ಪದವು ಎಷ್ಟು ಪ್ರಭಾವ ಬೀರಬಲ್ಲದೆಂಬುದನ್ನು ಸಾಲೊಮನ್ ಆ್ಯಶ್ ಅವರು 1946ರಲ್ಲಿ ತೋರಿಸಿದರು. ಅವರು ಒಬ್ಬ ವ್ಯಕ್ತಿಯ ಏಳು ಗುಣಗಳನ್ನು ಓದಿ ಹೇಳಿದರು. ಬುದ್ಧಿವಂತ, ಕುಶಲಿ, ಪರಿಶ್ರಮಿ ಮುಂತಾದ ಆರು ಗುಣಗಳು ಎಲ್ಲರಿಗೂ ಸಮಾನ. ಉಳಿದ ಒಂದು ಗುಣವಾಗಿ ಒಂದು ಗುಂಪಿಗೆ ಆ ವ್ಯಕ್ತಿ 'ಆತ್ಮೀಯ' ಸ್ವಭಾವದವನೆಂದೂ, ಇನ್ನೊಂದು ಗುಂಪಿಗೆ 'ಭಾವಶೂನ್ಯ' ಸ್ವಭಾವದವನೆಂದೂ ತಿಳಿಸಲಾಯಿತು. ಅಷ್ಟರಿಂದಲೇ ಮೊದಲನೆಯ ಗುಂಪಿನವರು ಅವನನ್ನು ಉದಾರಿ, ಸಂತೋಷಿ ಎಂದು ಊಹಿಸಿದರು. ಎರಡನೆಯವರು ಹಾಗೆ ಊಹಿಸಲಿಲ್ಲ. ಹೊಸ ತರಗತಿಗೆ ಕಾಲಿಡುವ ಉಪಾಧ್ಯಾಯರಿಗೆ ಹಿಂದಿನ ವರ್ಷದವರು ಹೇಳಿಹೋಗುವ 'ಅವನು ಸ್ವಲ್ಪ ತಂಟೆಕೋರ' ಎಂಬ ಒಂದು ಮಾತು ಮಾಡುವ ಕೆಲಸವೂ ಇದೇ.

ಗುಣವೋ ಸಂದರ್ಭವೋ?

ಒಬ್ಬರ ನಡತೆಗೆ ಕಾರಣವನ್ನು ಹುಡುಕುವಾಗ ಎರಡು ದಾರಿಗಳಿವೆ. ಅದು ಆ ವ್ಯಕ್ತಿಯ ಗುಣದಿಂದ ಬಂದಿತೆನ್ನಬಹುದು, ಅಥವಾ ಸಂದರ್ಭದಿಂದ ಬಂದಿತೆನ್ನಬಹುದು. ಪರರ ನಡತೆಯನ್ನು ವಿವರಿಸುವಾಗ ಸಂದರ್ಭವನ್ನು ಕಡೆಗಣಿಸಿ ಗುಣವನ್ನೇ ಹಿಡಿಯುವುದು ಮನುಷ್ಯರ ಸಾಮಾನ್ಯ ದೋಷವೆಂದು ಲೀ ರಾಸ್ ಅವರು 1977ರಲ್ಲಿ ವಾದಿಸಿದರು. ಇದು ಎಲ್ಲ ಮನುಷ್ಯರ ಹುಟ್ಟುಗುಣವೆಂದೇ ಆಗ ಅನೇಕರು ತಿಳಿದಿದ್ದರು.

ಆ ತಿಳಿವಳಿಕೆಯನ್ನು ಅಲುಗಿಸಿದ ಅಧ್ಯಯನವು ನಡೆದದ್ದು ಮೈಸೂರಿನಲ್ಲಿ. ಅಮೆರಿಕದ ಜೋನ್ ಮಿಲ್ಲರ್ ಅವರು ಷಿಕಾಗೊ ಮತ್ತು ಮೈಸೂರು ನಗರಗಳ ವಯಸ್ಕರನ್ನೂ 8, 11 ಮತ್ತು 15 ವರ್ಷದ ಮಕ್ಕಳನ್ನೂ ಪ್ರಶ್ನಿಸಿ, ಪರಿಚಿತರ ಒಳ್ಳೆಯ ಮತ್ತು ಕೆಟ್ಟ ನಡತೆಗಳಿಗೆ ಅವರು ಕೊಡುವ ಕಾರಣಗಳನ್ನು ಸಂಗ್ರಹಿಸಿ, 1984ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದರಲ್ಲಿ ಬರುವ ಒಂದು ಪ್ರಸಂಗ ಹೀಗಿದೆ: ಮೋಟಾರು ಸೈಕಲ್ ನಡೆಸುತ್ತಿದ್ದ ವಕೀಲನೊಬ್ಬನ ಹಿಂದೆ ಕುಳಿತಿದ್ದವನು ಬಿದ್ದು ಗಾಯಗೊಂಡನು. ವಕೀಲನು ಅವನನ್ನು ಆಸ್ಪತ್ರೆಗೆ ಸೇರಿಸಿ, ವೈದ್ಯರನ್ನು ವಿಚಾರಿಸದೆಯೇ ನ್ಯಾಯಾಲಯಕ್ಕೆ ಹೊರಟುಹೋದನು. ಅಮೆರಿಕದವರ ಉತ್ತರಗಳಲ್ಲಿ ವಕೀಲನ ಹೊಣೆಗೇಡಿತನದಂತಹ ಗುಣದೋಷವೇ ಮುಂದಾಯಿತು. ಮೈಸೂರಿನವರ ಉತ್ತರಗಳಲ್ಲಿ ಕಕ್ಷಿಗಾರನ ಪರ ಹಾಜರಾಗಬೇಕಾದ ಕರ್ತವ್ಯ, ಗಾಯವು ಅಷ್ಟು ತೀವ್ರವೆಂದು ತೋರದೆ ಇದ್ದಿರಬಹುದಾದ ಸಾಧ್ಯತೆ ಮುಂತಾದ ಸಂದರ್ಭದ ಅಂಶಗಳು ಮುಂದಾದವು. ವಯಸ್ಕರಲ್ಲಿ ಈ ವ್ಯತ್ಯಾಸವು ಸ್ಪಷ್ಟವಾಗಿತ್ತು.

ಉಪಾಧ್ಯಾಯರು ವಿಶೇಷವಾಗಿ ಗಮನಿಸಬೇಕಾದುದು ಇನ್ನೊಂದಿದೆ. ಚಿಕ್ಕ ಮಕ್ಕಳಲ್ಲಿ ಎರಡು ನಗರಗಳ ನಡುವೆ ಅಂಥ ಅಂತರವಿರಲಿಲ್ಲ. ವಯಸ್ಸಿನೊಡನೆ ಅದು ಬೆಳೆಯಿತು. ಅಂದರೆ ಜನರನ್ನು ಹೇಗೆ ನೋಡಬೇಕೆಂಬುದು ಹುಟ್ಟಿನೊಡನೆ ಬರುವುದಿಲ್ಲ, ಸುತ್ತಣ ಹಿರಿಯರಿಂದ ಕಲಿತುಬರುತ್ತದೆ. ಕಲಿತು ಬರುವುದಾದರೆ ಅದನ್ನು ಕಲಿಸುವುದೂ ಸಾಧ್ಯ. ಹಾಗೆಂದು ಸಂದರ್ಭವನ್ನು ಕಾಣುವ ಗುಣವು ಈ ನಾಡಿನವರಿಗೆ ಸದಾ ಇರುತ್ತದೆಂದು ತೃಪ್ತಿಪಡುವಂತಿಲ್ಲ. ತಡವಾಗಿ ಬಂದ ನೆಂಟರ ವಿಷಯದಲ್ಲಿ 'ಬಸ್ಸು ಸಿಕ್ಕಿರಲಿಕ್ಕಿಲ್ಲ' ಎನ್ನುವ ಮನಸ್ಸೇ ತಡವಾಗಿ ಬಂದ ವಿದ್ಯಾರ್ಥಿಯ ವಿಷಯದಲ್ಲಿ 'ಸೋಮಾರಿ' ಎಂದುಬಿಡುವುದುಂಟು. ಅವನು ಬೆಳಗಿನ ಜಾವ ಮನೆಮನೆಗೆ ಹಾಲು ಹಾಕಿ ಬಂದವನಾಗಿರಬಹುದು. ಕೇಳಿದ ಹೊರತು ತಿಳಿಯದು.

ಸ್ವಪರಿಕಲ್ಪನೆಯ ಬೆಳವಣಿಗೆ

ತಾನು ಯಾರು, ತನ್ನ ಬೆಲೆಯೇನು, ತನ್ನಿಂದ ಏನಾದೀತು ಎಂಬ ಬಗೆಗೆ ವ್ಯಕ್ತಿಯು ಹೊಂದಿರುವ ಒಟ್ಟು ಭಾವನೆಯೇ ಸ್ವಪರಿಕಲ್ಪನೆ. ಇದು ಏಕಾಂತದಲ್ಲಿ ರೂಪುಗೊಳ್ಳುವುದಿಲ್ಲ. ಚಾರ್ಲ್ಸ್ ಕೂಲಿ ಅವರು 1902ರಲ್ಲಿ ಇದನ್ನು ಕನ್ನಡಿಗೆ ಹೋಲಿಸಿದರು. ಇತರರಿಗೆ ತಾನು ಹೇಗೆ ಕಾಣುತ್ತಿದ್ದೇನೆಂದು ವ್ಯಕ್ತಿಯು ಊಹಿಸುತ್ತಾನೆ. ಅವರು ಅದನ್ನು ಹೇಗೆ ಅಳೆಯುತ್ತಿದ್ದಾರೆಂದು ಊಹಿಸುತ್ತಾನೆ. ಆ ಊಹೆಯಿಂದ ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತಾನೆ. ಮಗುವಿನ ಪಾಲಿಗೆ ತಾಯಿತಂದೆಗಳೂ ಗುರುಗಳೂ ಅತ್ಯಂತ ಹತ್ತಿರದ ಕನ್ನಡಿಗಳು. ಕನ್ನಡಿಯೇ ಡೊಂಕಾಗಿದ್ದರೆ ಮುಖವೂ ಡೊಂಕಾಗಿಯೇ ಕಾಣುತ್ತದೆ, ಮತ್ತು ಮಗುವು ಅದನ್ನೇ ತನ್ನ ಮುಖವೆಂದು ನಂಬುತ್ತದೆ.

ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಅವರು ಕ್ಯಾಲಿಫೋರ್ನಿಯಾದ ಪ್ರಾಥಮಿಕ ಶಾಲೆಯೊಂದರಲ್ಲಿ ನಡೆಸಿ 1968ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಸಂಬಂಧದಲ್ಲಿ ಪ್ರಸಿದ್ಧ. ಸುಮಾರು ಐದರಲ್ಲಿ ಒಂದು ಪಾಲು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ವಿಶೇಷವಾಗಿ ಮುಂದುವರಿಯಲಿದ್ದಾರೆಂದು ಉಪಾಧ್ಯಾಯರಿಗೆ ತಿಳಿಸಲಾಯಿತು. ವರ್ಷಾಂತ್ಯದಲ್ಲಿ ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಅಂಥ ಮಕ್ಕಳು ಇತರರಿಗಿಂತ ಹೆಚ್ಚು ಮುಂದುವರಿದಿದ್ದರು. ಮೇಲಿನ ತರಗತಿಗಳಲ್ಲಿ ಆ ಅಂತರ ಕಾಣಲಿಲ್ಲ. ಈ ಪ್ರಯೋಗದ ವಿಧಾನದ ಬಗ್ಗೆ ಟೀಕೆಗಳು ಬಂದವು. ಪರಿಣಾಮವು ಮೊದಲು ಭಾವಿಸಿದಷ್ಟು ದೊಡ್ಡದಲ್ಲವೆಂದು ಮುಂದಿನ ಸಂಶೋಧನೆಗಳು ಸೂಚಿಸಿದವು. ಆದರೂ ಹಿರಿಯರ ನಿರೀಕ್ಷೆಯು ಎಳೆಯ ಮಕ್ಕಳ ಮೇಲೆ ಪರಿಣಾಮ ಬೀರಬಲ್ಲುದೆಂಬ ಅಂಶವು ಉಳಿಯಿತು.

ಭಾರತದ ತರಗತಿಗೆ ಇನ್ನೂ ಹತ್ತಿರವಾದ ಅಧ್ಯಯನವೊಂದನ್ನು ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು 2006ರಲ್ಲಿ ಪ್ರಕಟಿಸಿದರು. ಉತ್ತರ ಪ್ರದೇಶದ ಗ್ರಾಮಗಳ ಆರು ಮತ್ತು ಏಳನೆಯ ತರಗತಿಯ ಬಾಲಕರಿಗೆ ಕಾಗದದ ಮೇಲಿನ ಚಕ್ರವ್ಯೂಹಗಳನ್ನು ಬಿಡಿಸಲು ಕೊಡಲಾಯಿತು. ಜಾತಿಯ ಪ್ರಸ್ತಾಪವಿಲ್ಲದಿದ್ದಾಗ ಮೇಲು ಮತ್ತು ಕೆಳ ಎನಿಸಿಕೊಂಡ ಜಾತಿಗಳ ಬಾಲಕರ ಸಾಧನೆಯಲ್ಲಿ ವ್ಯತ್ಯಾಸವಿರಲಿಲ್ಲ. ಪ್ರತಿಯೊಬ್ಬನ ಜಾತಿಯನ್ನು ಎಲ್ಲರೆದುರಿಗೆ ಓದಿಹೇಳಿದಾಗ ಕೆಳಜಾತಿಯವರೆನಿಸಿಕೊಂಡ ಬಾಲಕರ ಸಾಧನೆ ಕುಸಿಯಿತು. ಬುದ್ಧಿಯು ಕ್ಷಣಮಾತ್ರದಲ್ಲಿ ಕುಗ್ಗುವುದಿಲ್ಲ. ಕುಗ್ಗಿದ್ದು ಅವರ ಸ್ವಪರಿಕಲ್ಪನೆ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಆಯ್ದಕ್ಕಿ ಲಕ್ಕಮ್ಮ ಮುಂತಾದವರ ಹೆಸರುಗಳಲ್ಲಿ ಅವರವರ ಕಾಯಕವು ಮರೆಯಾಗದೆ ಉಳಿದಿದೆ. ಲೋಕವು ಕೀಳೆಂದು ಕರೆದ ಕೆಲಸವೇ ಆ ಬಳಗದಲ್ಲಿ ಗೌರವದ ಗುರುತಾಯಿತು. ಸುತ್ತಲಿನವರು ಹಿಡಿದ ಕನ್ನಡಿ ಬದಲಾದಾಗ ದೋಣಿ ನಡೆಸುವವರೂ ಬಟ್ಟೆ ಮಡಿಮಾಡುವವರೂ ತಮ್ಮ ಅನುಭವವನ್ನು ವಚನವಾಗಿ ನುಡಿಯುವ ಧೈರ್ಯವನ್ನು ಪಡೆದರು.

ಶಾಲೆಯಲ್ಲಿ ಇದರ ಅನ್ವಯ

ಮೊದಲನೆಯದಾಗಿ, ತಿದ್ದುವಾಗ ಮಾಡಿದ ಕೆಲಸವನ್ನು ಹೇಳಬೇಕೇ ಹೊರತು ಮಗುವನ್ನಲ್ಲ. 'ಈ ಲೆಕ್ಕದ ಎರಡನೆಯ ಹಂತ ತಪ್ಪಿದೆ' ಎಂಬ ಮಾತಿಗೆ ಪರಿಹಾರವಿದೆ. 'ನೀನು ದಡ್ಡ' ಎಂಬ ಮಾತಿಗೆ ಪರಿಹಾರವಿಲ್ಲ.

ಎರಡನೆಯದಾಗಿ, ಹೊಗಳಿಕೆಯಲ್ಲಿಯೂ ಇದೇ ಎಚ್ಚರ ಬೇಕು. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತರೆಂದು ಹೊಗಳಿಸಿಕೊಂಡ ಮಕ್ಕಳು ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ ಬೇಗನೆ ಉತ್ಸಾಹ ಕಳೆದುಕೊಂಡರು; ಶ್ರಮಕ್ಕಾಗಿ ಹೊಗಳಿಸಿಕೊಂಡವರು ಪ್ರಯತ್ನವನ್ನು ಬಿಡಲಿಲ್ಲ. ಜಾಣನೆಂಬ ಬಿರುದೂ ಒಂದು ಹೊರೆಯೇ.

ಮೂರನೆಯದಾಗಿ, ಕಾರಣವನ್ನು ನಿರ್ಧರಿಸುವ ಮೊದಲು ಕೇಳಬೇಕು. ವಿದ್ಯಾರ್ಥಿನಿಲಯಕ್ಕೆ ದೂರದ ಜಿಲ್ಲೆಯಿಂದ ಬಂದ ಬಾಲಕನು ತರಗತಿಯಲ್ಲಿ ಬಾಯಿ ಬಿಡುವುದಿಲ್ಲವೆಂದರೆ ಅವನಿಗೆ ಪಾಠ ಬರುವುದಿಲ್ಲವೆಂದಲ್ಲ. 'ಸಾಲಿ' ಎಂದೊಡನೆ ಯಾರೋ ನಕ್ಕದ್ದು ಅವನ ನೆನಪಿನಲ್ಲಿರಬಹುದು. ಅವನ ಊರಿನ ಪದಗಳನ್ನು ತರಗತಿಯಲ್ಲಿ ಆದರದಿಂದ ಪರಿಚಯಿಸಿದರೆ ಅವನ ನಾಲಗೆಯ ಕಟ್ಟು ಸಡಿಲವಾದೀತು, ಉಳಿದವರಿಗೂ ಕನ್ನಡದ ವೈಶಾಲ್ಯ ತಿಳಿದೀತು.

ಕಡೆಯದಾಗಿ, ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಯೋಚಿಸಬೇಕಾದ ಮಾತೊಂದಿದೆ. ವಾರ್ಷಿಕೋತ್ಸವದ ವೇದಿಕೆಗೆ 'ಬಡ ವಿದ್ಯಾರ್ಥಿಗಳು' ಎಂದು ಹೆಸರು ಕೂಗಿ ಕರೆದು ಸಹಪಾಠಿಗಳೆದುರಿಗೆ ಪುಸ್ತಕ, ಸಮವಸ್ತ್ರಗಳನ್ನು ಕೊಡುವುದು ಅನೇಕ ಕಡೆಗಳಲ್ಲಿ ರೂಢಿಯಲ್ಲಿದೆ. ಕೊಡುವವರ ಉದ್ದೇಶವು ಶುದ್ಧವೇ. ಆದರೆ ಮಗುವಿಗೆ ತಲುಪುವ ಸಂದೇಶಗಳು ಎರಡು: ಒಂದು ಪುಸ್ತಕ, ಇನ್ನೊಂದು 'ಬಡವ' ಎಂಬ ಹೆಸರು. ಪುಸ್ತಕವು ವರ್ಷಾಂತ್ಯಕ್ಕೆ ಹಳೆಯದಾಗುತ್ತದೆ, ಹೆಸರು ಹಾಗಾಗುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವರನ್ನು ಯಾರೂ ವಿಂಗಡಿಸಿ ಹೆಸರಿಸುವುದಿಲ್ಲ. ವಿದ್ಯಾರ್ಥಿವೇತನವನ್ನೂ ಅದೇ ರೀತಿಯಲ್ಲಿ, ಕಚೇರಿಯ ಮೂಲಕ ಸದ್ದಿಲ್ಲದೆ ತಲುಪಿಸಬಹುದು. ಹಣದ ಮೊತ್ತ ಅಷ್ಟೇ ಇದ್ದರೂ ಮಗುವು ಪಡೆಯುವುದು ಹೆಚ್ಚಾಗುತ್ತದೆ.

ಇವುಗಳಲ್ಲಿ ಯಾವುದಕ್ಕೂ ಹೆಚ್ಚಿನ ವೆಚ್ಚವಿಲ್ಲ, ಹೊಸ ಕಟ್ಟಡವೂ ಬೇಕಿಲ್ಲ. ಬೇಕಾದುದು ಆಡುವ ಮುನ್ನ ಒಂದು ಕ್ಷಣದ ತಡೆ, ತೀರ್ಮಾನಕ್ಕೆ ಮುನ್ನ ಒಂದು ಪ್ರಶ್ನೆ. ಶಾಲೆಯನ್ನು ಬಿಟ್ಟುಹೋದ ಮಕ್ಕಳು ಅಲ್ಲಿ ಕಲಿತ ಸೂತ್ರಗಳಲ್ಲಿ ಎಷ್ಟನ್ನೋ ಮರೆಯುತ್ತಾರೆ. ತಮ್ಮನ್ನು ಕುರಿತು ಅಲ್ಲಿ ಕೇಳಿದ ಮಾತನ್ನು ಮರೆಯುವವರು ವಿರಳ.